ವೆಂಗುರ್ಲೆಯಲ್ಲಿ ನನ್ನನ್ನು ದಡಕ್ಕೆ ತಂದವರು

ಇಂಥ ಮಾತುಗಳನ್ನು ನಾನು ನಂಬಿದವಳಲ್ಲ. ಮುಂಬಯಿಯಲ್ಲಿ ನರ್ಸಿನ ಕೆಲಸ ಕಲಿಯುವಾಗ ಎಷ್ಟೋ ಜನ ನನ್ನ ಕಣ್ಣೆದುರೇ ಪ್ರಾಣ ಬಿಟ್ಟಿದ್ದರು. ಆಮೇಲೆ ಅವರ ಮನೆಯವರು ಬಂದು, ಹೋದವರು ಬಾಗಿಲಲ್ಲಿ ನಿಂತಿದ್ದರು, ಹೆಸರು ಹಿಡಿದು ಕರೆದರು ಎಂದರೆ, ಪಾಪ, ದುಃಖಕ್ಕೆ ಹೀಗಾಗುತ್ತದೆ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಈಗ ನನ್ನ ಮಾತು ಓದಿ ನೀವೂ ಹಾಗೆಯೇ ಅಂದುಕೊಂಡರೆ ನನ್ನ ತಕರಾರಿಲ್ಲ.

ಮದುವೆಯಾದಾಗ ನಾನಿನ್ನೂ ಗೊಂಬೆಯಾಡುವ ಹುಡುಗಿ. ತವರು ಹಲಸಿ, ಗಂಡನ ಮನೆ ಖಾನಾಪುರ. ಅವರು ಬೆಳಗಾವಿಯಲ್ಲಿ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದರು. ಅಂತರಪಟ ಸರಿದಾಗ ನಾನು ತಲೆ ಎತ್ತಲಿಲ್ಲ. ದೀಪಾವಳಿಗೆ ಅವರು ನಮ್ಮ ಮನೆಗೆ ಬಂದಾಗ ಕದದ ಮರೆಯಿಂದ ಪಾದಗಳನ್ನಷ್ಟೇ ನೋಡಿದೆ. ಊರೂರನ್ನು ಗುಡಿಸಿಕೊಂಡು ಹೋದ ಆ ದೊಡ್ಡ ಜ್ವರದಲ್ಲಿ ಅವರು ತೀರಿಕೊಂಡರು. ಅವರೊಡನೆ ನಾನು ಒಂದು ಮಾತೂ ಆಡಿರಲಿಲ್ಲ. ಅತ್ತೆ ನನ್ನ ಕಾಲ್ಗುಣ ಎಂದರು. ಕೆಲವು ವರ್ಷಗಳ ಮೇಲೆ ಮುಂಬಯಿಯಲ್ಲಿದ್ದ ಸೋದರಮಾವ ಜನರ ಬಾಯಿಗೆ ಹೆದರದೆ ನನ್ನನ್ನು ಕರೆಸಿಕೊಂಡು ಕಲಿಯಲು ಹಚ್ಚಿದ.

ಕಲಿಕೆ ಮುಗಿದು ಬೆಳಗಾವಿಯಲ್ಲಿ ಕೆಲಸ ಸಿಗುವ ಹೊತ್ತಿಗೆ ಅಪ್ಪ, ಅವ್ವ, ಆ ಮಾವ ಯಾರೂ ಉಳಿದಿರಲಿಲ್ಲ. ರೈಲಿಗೆ ಬರಬೇಕಾದವಳು ಆಗಬೋಟಿ, ಅಂದರೆ ಉಗಿಹಡಗು, ಹತ್ತಿದ್ದು ಗೆಳತಿಯೊಬ್ಬಳ ಒತ್ತಾಯಕ್ಕೆ. ಅವಳ ಊರು ಕೊಂಕಣ ದಂಡೆಯ ವೆಂಗುರ್ಲೆ. ಜೊತೆಗೇ ಸಮುದ್ರದ ಮೇಲೆ ಹೋಗೋಣ, ನಮ್ಮ ಮನೆಯಲ್ಲಿದ್ದು ಆಮೇಲೆ ಘಟ್ಟ ಹತ್ತುವಿಯಂತೆ ಎಂದಿದ್ದಳು. ಹೊರಡುವ ದಿನ ಅವಳಿಗೆ ರಜೆ ಸಿಗಲಿಲ್ಲ. ನಾನೊಬ್ಬಳೇ ಬಂದೆ.

ಮಳೆಗಾಲ ಮುಗಿದು ಆಗಬೋಟಿಗಳ ಓಡಾಟ ಆಗಷ್ಟೇ ಶುರುವಾಗಿತ್ತು. ಸಮುದ್ರದ ಸಿಟ್ಟು ಇನ್ನೂ ಇಳಿದಿರಲಿಲ್ಲ. ವೆಂಗುರ್ಲೆಯಲ್ಲಿ ಹಡಗು ದಂಡೆಗೆ ಬರುವುದಿಲ್ಲ. ದೂರದಲ್ಲೇ ಲಂಗರು ಹಾಕುತ್ತದೆ. ಜನ ಏಣಿಯಿಂದ ಪಡಾವು ಎನ್ನುವ ದೊಡ್ಡ ದೋಣಿಗೆ ಇಳಿಯಬೇಕು. ಆ ಮಧ್ಯಾಹ್ನ ಇಳಿತವಿದ್ದು ನೀರು ಹಿಂದೆ ಸರಿದಿದ್ದರಿಂದ ಪಡಾವೂ ದಡ ಮುಟ್ಟಲಿಲ್ಲ. ಸೊಂಟಮಟ್ಟ ನೀರಿನಲ್ಲಿ ನಿಲ್ಲಿಸಿ, ಖಲಾಸಿಗಳು ಹೆಂಗಸರನ್ನೂ ಮುದುಕರನ್ನೂ ಒಬ್ಬೊಬ್ಬರನ್ನಾಗಿ ಎತ್ತಿಕೊಂಡು ಹೋಗಿ ಮರಳಿನ ಮೇಲೆ ಇಳಿಸುತ್ತಿದ್ದರು.

ಖಾನಾಪುರದ ಮಲಪ್ರಭೆಗಿಂತ ದೊಡ್ಡ ನೀರಿಗೆ ನಾನು ಎಂದೂ ಇಳಿದವಳಲ್ಲ. ದಂಡೆಯ ಮೇಲೆ ನಿಂತವರು ತಮ್ಮ ತಮ್ಮವರ ಹೆಸರು ಹಿಡಿದು ಕೂಗುತ್ತಿದ್ದರು. ಪಡಾವಿನಲ್ಲಿದ್ದವರು ಕೈ ಬೀಸುತ್ತಿದ್ದರು. ನನ್ನೆದುರು, ಆಮೇಲೆ ತಿಳಿದಂತೆ, ಬೆಳಗಾವಿ ರವಿವಾರ ಪೇಟೆಯ ಧಾನ್ಯದ ವ್ಯಾಪಾರಿಯೊಬ್ಬರ ಹೆಂಡತಿ ಗಂಡನ ತೋಳು ಹಿಡಿದು ಕೂತಿದ್ದರು. ನಾನು ಟ್ರಂಕಿನ ಹಿಡಿ ಹಿಡಿದುಕೊಂಡಿದ್ದೆ. ಇಲ್ಲಿ ನಾನು ಮುಳುಗಿದರೆ ಇಂಥವಳೊಬ್ಬಳಿದ್ದಳು ಎಂದು ಗುರುತು ಹೇಳುವವರೂ ಇಲ್ಲ ಎನಿಸಿತು.

ನನ್ನ ಸರದಿ ಬಂದಾಗ ಅಂಚಿನ ಮೇಲೆ ಕೂತು ಕಾಲು ಇಳಿಬಿಟ್ಟೆ. ಆಗಲೇ ದೊಡ್ಡ ತೆರೆ ಬಂದು ಪಡಾವು ಓರೆಯಾಯಿತು. ಕೈ ಜಾರಿತು, ನೀರು ತಲೆಯ ಮೇಲೆ ಹಾದುಹೋಯಿತು. ಅಷ್ಟರಲ್ಲಿ ಯಾರೋ ನನ್ನನ್ನು ಎತ್ತಿಕೊಂಡರು.

“ಅಂಜಬ್ಯಾಡ. ಕಣ್ಣು ಮುಚ್ಚಿಕೋ. ನಾ ಹಿಡದೀನಿ.”

ಹೇಳಿದಂತೆ ಮುಚ್ಚಿಕೊಂಡೆ. ತೆರೆಯ ಸದ್ದು, ಆಮೇಲೆ ಪಾದದ ಕೆಳಗೆ ಮರಳು. ಉಪ್ಪು ನೀರು ಒರೆಸಿಕೊಂಡು ಕಣ್ಣು ಬಿಟ್ಟಾಗ ಎದುರಿಗೆ ಯಾರೂ ಇರಲಿಲ್ಲ. ಒಬ್ಬ ಖಲಾಸಿ ನೀರಿನಿಂದ ಓಡಿ ಬಂದು, ನಾನು ಕೈ ಚಾಚುವಷ್ಟರಲ್ಲಿ ನಿಮ್ಮವರೇ ಎತ್ತಿಕೊಂಡು ಹೋದರಲ್ಲ, ಪೆಟ್ಟಾಗಿಲ್ಲವಷ್ಟೆ ಎಂದು ಮರಾಠಿಯಲ್ಲಿ ಕೇಳಿದ. ಆಗ ಹೊಳೆಯಿತು: ನಾನು ಕೇಳಿದ್ದು ಮರಾಠಿಯಲ್ಲ, ಕನ್ನಡ. ಅದೂ ನಮ್ಮ ಕಡೆಯ ಕನ್ನಡ.

ನನ್ನ ಬಾಯಿಂದ “ಅಯ್ಯ ಯವ್ವಾ” ಎಂದು ಬಂದದ್ದು ಕೇಳಿ ವ್ಯಾಪಾರಿಯ ಹೆಂಡತಿ ಹತ್ತಿರ ಬಂದರು. “ಛಲೋ ಆತು ಬಿಡ್ರಿ, ನಿಮ್ಮ ತಮ್ಮ ಬಾಜೂಕ ಇದ್ದರು. ಎಲ್ಲಿ ಹೋದರ್ರೀ ಅವರು?”

“ನನಗ ತಮ್ಮ ಇಲ್ಲರೀ.”

“ಮತ್ತ ಅವರ್ಯಾರು? ಕೋಟು ಹಾಕ್ಕೊಂಡಿದ್ದರು. ಮೀಸಿ ಈಗ ಮೂಡಾಕತ್ತಿತ್ತು. ನಿಮಗಿಂತ ಸಣ್ಣಾವರು ಕಂಡರು, ಅದಕ್ಕ ತಮ್ಮ ಅಂದೆ.”

ಸೀರೆ ಒದ್ದೆಯಾಗಿದೆಯೆಂದು ಅವರು ತಮ್ಮ ಶಾಲು ಹೊದಿಸಿದರು. ನನ್ನ ಗಂಡ ತೀರಿಕೊಂಡದ್ದು ಮೀಸೆ ಮೂಡುವ ವಯಸ್ಸಿನಲ್ಲಿ. ನಾನು ಆ ವಯಸ್ಸು ದಾಟಿ ಎಷ್ಟೋ ಮುಂದೆ ಬಂದಿದ್ದೆ. ಅವರು ಅಂದಿನಂತೆಯೇ ಬಂದು ಪಕ್ಕದಲ್ಲಿ ನಿಂತರೆ ನೋಡಿದವರು ತಮ್ಮ ಎಂದೇ ಅನ್ನುತ್ತಿದ್ದರು.

ದಂಡೆ ಖಾಲಿಯಾಗುವವರೆಗೆ ಹುಡುಕಿದೆ. ಮನೆಗಳ ಕಡೆ ಹೋಗುವ ಹಾದಿಯಲ್ಲೂ ಕೇಳಿದೆ. ಕೋಟು ತೊಯ್ದ ಹುಡುಗನನ್ನು ಯಾರೂ ಕಂಡಿರಲಿಲ್ಲ. ನಮ್ಮ ಕಡೆಯ ವಿದ್ಯಾರ್ಥಿ ಯಾರಾದರೂ ಆಗಬೋಟಿಯಲ್ಲಿದ್ದಿರಬಹುದು. ಇರಬಹುದು. ಆದರೆ ನಾನು ಕನ್ನಡದವಳೆಂದು ಅವನಿಗೆ ಹೇಗೆ ಗೊತ್ತು? ಇಡೀ ಪ್ರಯಾಣದಲ್ಲಿ ನಾನು ಯಾರೊಡನೆಯೂ ಬಾಯಿ ಬಿಟ್ಟಿರಲಿಲ್ಲ.

ವ್ಯಾಪಾರಿ ದಂಪತಿಗಳ ಜೊತೆ ಮೋಟಾರಿನಲ್ಲಿ ಘಟ್ಟ ಹತ್ತಿ ಬೆಳಗಾವಿಗೆ ಬಂದೆ. ಆದರೆ ಆಸ್ಪತ್ರೆಗೆ ಹೋಗಲು ಕಾಲು ಬರಲಿಲ್ಲ. ಸ್ಟೇಶನ್ನಿಗೆ ಹೋಗಿ ಖಾನಾಪುರದ ರೈಲು ಹತ್ತಿದೆ. ಅತ್ತೆಯನ್ನು ನೋಡಿದ್ದು ಅವರ ಮಗ ಹೋದಾಗಲೇ ಕೊನೆ. ಬೈದು ಅಟ್ಟಿದರೂ ಸರಿ, ಒಂದು ಮಾತು ಕೇಳಬೇಕಿತ್ತು.

ಅವರು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ಗುರುತು ಹತ್ತಲು ಹೊತ್ತು ಹಿಡಿಯಿತು. “ಬಾ, ಕೂಡು” ಎಂದರಷ್ಟೇ. ನಾನು ಎಲ್ಲವನ್ನೂ ಹೇಳಿದೆ. ಕೊನೆಗೆ ಕೇಳಿದೆ: “ಅವರ ದನಿ ಹೆಂಗಿತ್ತು, ಅತ್ತಿ? ನನಗ ಗೊತ್ತಿಲ್ಲ.”

ಅತ್ತೆಯ ಕೈ ಮೊರದಲ್ಲೇ ನಿಂತಿತು.

“ಮುಖ ಕಣ್ಣಾಗ ಅದವಾ. ದನಿ ಮಾತ್ರ ಹೋಗಿಬಿಟ್ಟದ. ದಿನಾ ನೆನಸ್ತೀನಿ, ಸಿಗವಲ್ದು.” ಆಮೇಲೆ ಮೊರ ಸರಿಸಿ ನನ್ನ ಹತ್ತಿರ ಬಂದರು. “ನೀ ಕೇಳೀಯಲ್ಲಾ. ಹೆಂಗಂದ, ಹಂಗ ಅಂದು ತೋರಸು.”

ಅಂದು ತೋರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. “ಇನ್ನೊಮ್ಮೆ ಅನ್ನು” ಎಂದರು. ಮತ್ತೆ ಅಂದೆ. ಕತ್ತಲಾಗುವವರೆಗೂ ಅನ್ನಿಸಿದರು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ನಾನೂ ಇವತ್ತಿನವರೆಗೆ ಎರಡರಲ್ಲಿ ಒಂದನ್ನು ಹೇಳಲಾರೆ.