ಮೇಜಿನ ಮೇಲೆ ಒಲೆ

ಅಡುಗೆಮನೆಗೆ ಬಾಗಿಲು ಇಡಬೇಕೆಂದು ಮೊದಲು ಯೋಚಿಸಿದವರು ದೊಡ್ಡ ಜಾಣರು ಎಂದು ನಾನು ನಂಬಿದ್ದೇನೆ. ಒಳಗೆ ಪಲ್ಯ ಸೀದರೂ ಸಾರಿಗೆ ಉಪ್ಪು ಹೆಚ್ಚಾದರೂ ಏನಾದರೊಂದು ಉಪಾಯ ಮಾಡಿ, ನಗುನಗುತ್ತ ಹೊರಗೆ ತಂದು ಬಡಿಸಬಹುದು. ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಬಾಗಿಲಿಗೆ ಜಾಗವಿಲ್ಲ, ಪರದೆ ಹಾಕಿದ್ದೇವೆ. ಮಾನ ಮುಚ್ಚಲು ಅಷ್ಟು ಸಾಕು.

ಇಂಥ ಮನೆಯಲ್ಲಿ ನನ್ನ ಮಗಳು ಮುಕ್ತಾ, ಬೀಗರಾಗಬಹುದಾದವರು ಊಟಕ್ಕೆ ಬರುವ ದಿನವೇ ಮೇಜಿನ ನಡುವೆ ಕರೆಂಟಿನ ಒಲೆ ಇಟ್ಟು ಕೊರಿಯಾದ ಅಡುಗೆ ಮಾಡಲು ಹೊರಟಳು. ಐರೋಳಿಯ ಆಫೀಸಿಗೆ ಹೋಗಿಬರುವಾಗ ಲೋಕಲ್ ರೈಲಿನಲ್ಲಿ ಕೊರಿಯನ್ ಧಾರಾವಾಹಿ ನೋಡಿ ನೋಡಿ ಕಲಿತ ವಿದ್ಯೆ.

"ಬೀಗರ ಮುಂದ ಒಲಿ ಹಚ್ಚಿ ಕುಂಡ್ರತೀ ಏನ? ಮಂದಿ ಏನಂದಾರು?" ಎಂದಳು ನನ್ನ ಹೆಂಡತಿ ಸುಶೀಲಾ.

"ಮಮ್ಮಿ, ಜೋ ಹೈ ವೋ ಸಾಮ್ನೇ ದಿಖೇಗಾ," ಎಂದಳು ಮಗಳು.

ಇದ್ದದ್ದೆಲ್ಲ ಎದುರಿಗೇ ಕಾಣುತ್ತದಂತೆ; ನನ್ನ ಭಯ ಅದೇ ಆಗಿತ್ತು. ಹುಡುಗ ನವೀನ ಕಲ್ಯಾಣದವನು. ಮುಕ್ತಾ ತಾನೇ ಮೆಚ್ಚಿದವನು. ಅವನ ತಾಯಿ ಗಿರಿಜಕ್ಕ ಕರಾವಳಿಯವರು, ಸ್ವಂತ ಹೋಟೆಲಿನ ಅಡುಗೆಮನೆ ಆಳಿದವರು. ಹೋದ ಸಲ ಬಂದಾಗ "ನೋಡುವ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದ್ದರು. ಅಂದಿನಿಂದ ಮಗಳಿಗೆ ಊಟ ಸೇರುತ್ತಿರಲಿಲ್ಲ, ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಆ ಸಂಜೆ ತಾಯಿ, ಮಗ ಬಂದು ಮೇಜಿಗೆ ಕೂತರು. ಕಾವಲಿಯ ಮೇಲೆ ಪನೀರು, ಅಣಬೆ ಚುರುಗುಟ್ಟತೊಡಗಿದವು. ಬಡಿಸಿದ ಊಟವಾದರೆ ಬಾಯಿಗೆ ಕೆಲಸವಿರುತ್ತದೆ. ಬೇಯುವುದನ್ನು ಕಾಯುತ್ತ ಕೂತಾಗ ಮುಖ ಎಲ್ಲಿಡಬೇಕೋ ತಿಳಿಯುವುದಿಲ್ಲ. ಗಿರಿಜಕ್ಕ ಕಾವಲಿಯಿಂದ ಕಣ್ಣು ತೆಗೆಯಲಿಲ್ಲ. ಗಾಬರಿಯಾದರೆ ಉಪನ್ಯಾಸ ಕೊಡುವುದು ನನ್ನ ಚಾಳಿ. ನಮ್ಮ ಕಡೆ ಹೊಲದಲ್ಲಿ ಬೆಂಕಿಯ ಸುತ್ತ ಕೂತು, ಎಳೆ ಜೋಳದ ತೆನೆ ಸುಟ್ಟು, ಅಲ್ಲೇ ತಿಕ್ಕಿ ಸೀತನಿ ತಿನ್ನುತ್ತೇವಲ್ಲ, ಕೊರಿಯಾದವರು ಮಾಡುವುದೂ ಅದನ್ನೇ ಎಂದು ಶುರುಮಾಡಿದೆ. ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಪನೀರು ಸೀದ ವಾಸನೆ ಬಂತು. ಮುಕ್ತಾ ಇಕ್ಕಳ ಹಿಡಿದು ತಡಕಾಡಿದಳು.

ಗಿರಿಜಕ್ಕ ಅವಳ ಕೈಯಿಂದ ಇಕ್ಕಳ ತೆಗೆದುಕೊಂಡರು. ಇನ್ನು ಮುಗಿಯಿತು ಅಂದುಕೊಂಡೆ.

"ಉರಿ ಸಣ್ಣ ಮಾಡು ಮಗಾ," ಎಂದು ಸೀದದ್ದನ್ನು ಬದಿಗೆ ಸರಿಸಿ, ಉಳಿದದ್ದನ್ನು ಮಗುಚಿದರು. "ಇನ್ನು ಎಂತ ಮಾಡುವುದು?"

ಮುಕ್ತಾ ಲೆಟ್ಯೂಸ್ ಎಲೆಯೊಂದರಲ್ಲಿ ಚಿಟಿಕೆ ಅನ್ನ, ಪನೀರು, ಕೆಂಪು ಮೆಣಸಿನ ಚಟ್ನಿ ಇಟ್ಟು ಬೀಡಾದಂತೆ ಮಡಿಸಿ ತೋರಿಸಿದಳು. "ಆಂಟಿ, ಪೆಹಲಾವಾಲಾ ಖುದ್ ನಹೀ ಖಾನೇಕಾ. ಕಿಸೀಕೋ ಖಿಲಾನೇಕಾ."

ಮೊದಲ ತುತ್ತನ್ನು ತಾನು ತಿನ್ನದೆ ಬೇರೆ ಯಾರಿಗಾದರೂ ತಿನ್ನಿಸಬೇಕಂತೆ. ಗಿರಿಜಕ್ಕ ಹಾಗೇ ಒಂದನ್ನು ಮಡಿಸಿ ಕೈಯಲ್ಲಿ ಹಿಡಿದು ಕೂತರು. ನವೀನ ಆಗಲೇ ಬಾಯಿ ತೆರೆದಿದ್ದ. ಅವನಿಗೆ ಕೊಟ್ಟರೆ ಊಟ ಊಟವಾಗಿಯೇ ಮುಗಿಯುತ್ತದೆ; ಮುಕ್ತಾಳಿಗೆ ಕೊಟ್ಟರೆ ಗೆದ್ದೆವು.

ಅವರು ಎದ್ದರು. ಇಬ್ಬರನ್ನೂ ದಾಟಿ ನೇರ ಪರದೆಯ ಬಳಿ ಹೋದರು. ಅಲ್ಲಿ ಸುಶೀಲಾ ನಿಂತಿದ್ದಳು. ಗಂಡಿನವರ ಊಟವಾಗುವ ತನಕ ಹೆಣ್ಣಿನ ತಾಯಿ ಕೂಡಬಾರದೆಂಬುದು ಅವಳ ತವರಿನ ಪಾಠ. ಅವಳು "ನಂದು ಆಮ್ಯಾಲ..." ಎನ್ನುವಷ್ಟರಲ್ಲಿ ತುತ್ತು ಬಾಯಿಯೊಳಗಿತ್ತು.

"ಸಂಬಂಧ ಆದ ಮೇಲೂ ಹೀಗೆ ನಿಂತುಕೊಳ್ಳುವುದುಂಟಾ? ಬನ್ನಿ, ಕೂತುಕೊಳ್ಳಿ," ಎಂದರು ಗಿರಿಜಕ್ಕ.

ಸುಶೀಲಾಳ ಕಣ್ಣು ತುಂಬಿದವು. ಮೆಣಸಿನ ಖಾರ ಎಂದು ಆಮೇಲೆ ಹೇಳಿದಳು. ನಾನು ನಂಬಿದಂತೆ ಮಾಡಿದೆ. ಒಪ್ಪಿಗೆಯ ಮಾತಿಗಾಗಿ ನಾನು ಇಡೀ ಸಂಜೆ ಕಿವಿ ನಿಮಿರಿಸಿ ಕೂತಿದ್ದೆ. ಅದು ಬಂದದ್ದು ಹೆಂಡತಿಯ ಬಾಯಿಗೆ.