ತೊಂಬತ್ತು ದಿನದ ಗ್ಯಾರಂಟಿ

ಊರಿಗೆಲ್ಲ ನೌಕರಿ ಕೊಡಿಸುವ ನಮ್ಮ ಆಫೀಸಿನಲ್ಲಿ ನೌಕರರು ನಿಲ್ಲುವುದಿಲ್ಲ. ಶಿಗ್ಗಾಂವಿಯ ಗೊಬ್ಬರದ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಒಂಬತ್ತು ವರ್ಷದಿಂದ ಕೂತವನು ನಾನೊಬ್ಬನೇ. ಉಳಿದ ಕುರ್ಚಿಗಳಲ್ಲಿ ಇವತ್ತು ಯಾರಿದ್ದಾರೆಂದು ಬೆಳಿಗ್ಗೆ ನೋಡಿಕೊಂಡೇ ಮಾತು ಶುರುಮಾಡಬೇಕು. ಹೊಸಬರ ಸ್ವಾಗತಕ್ಕೂ ಹೋಗುವವರ ಬೀಳ್ಕೊಡುಗೆಗೂ ಬೇರೆ ಬೇರೆ ಚಹಾ ಏಕೆಂದು ನಮ್ಮ ಮಾಲೀಕರು ಈಗ ಎರಡನ್ನೂ ಒಂದೇ ದಿನ ಮುಗಿಸುತ್ತಾರೆ. ಒಮ್ಮೆ ಹಾನಗಲ್ಲಿನಿಂದ ಸೇರಲು ಬಂದವರೊಬ್ಬರು, ಹೋಗುವವನ ಭಾಷಣ ಕೇಳಿ, ಚಹಾ ಕುಡಿದು, ಅವನ ಜೊತೆಗೇ ಎದ್ದು ಹೋದರು.

ಒಂದೇ ಕಡೆ ನಿಲ್ಲುವುದು ಸಾಧ್ಯವೇ ಇಲ್ಲ ಎಂದಲ್ಲ. ಸವಣೂರಿನ ಜನ ದೊಡ್ಡ ಹುಣಸೆ ಎನ್ನುವ ಬಾವೊಬಾಬ್ ಮರಗಳನ್ನು ನೋಡಿ. ಮೂಲತಃ ಆಫ್ರಿಕಾದ ಜಾತಿಯವಂತೆ. ಪರದೇಶದಿಂದ ಬಂದು ಶತಮಾನಗಟ್ಟಲೆ ಇಲ್ಲೇ ಬೇರೂರಿದವು. ಅವುಗಳಿಗೆ ಯಾರೂ ತಿಂಗಳ ಟಾರ್ಗೆಟ್ ಕೊಟ್ಟಿರಲಿಲ್ಲ ಎಂಬುದನ್ನೂ ನಾವು ನೆನಪಿಡಬೇಕು.

ನಮ್ಮ ದಂಧೆಯ ಒಳಗುಟ್ಟು ಇಷ್ಟೆ. ನಾವು ಕಳಿಸಿದ ಮನುಷ್ಯ ತೊಂಬತ್ತು ದಿನದೊಳಗೆ ಕೆಲಸ ಬಿಟ್ಟರೆ ಕಂಪನಿಗೆ ಇನ್ನೊಬ್ಬನನ್ನು ಪುಕ್ಕಟೆ ಹುಡುಕಿಕೊಡಬೇಕು. ಹೀಗಾಗಿ ಅಲ್ಲಿಯವರೆಗೆ ಅವನ ನೆಗಡಿ, ಅವನ ಅವ್ವನ ಮೊಣಕಾಲು ನೋವು ಎಲ್ಲವೂ ನಮ್ಮವೇ. ತೊಂಬತ್ತೊಂದನೆಯ ದಿನ ಅವನು ಫೋನ್ ಮಾಡಿದರೆ 'ಯಾರ್ರೀ ನೀವು?' ಅನ್ನುತ್ತೇವೆ. ಜನರನ್ನು ಹಿಡಿದು ಕೂರಿಸಲು ಮೂರು ಹಾಳೆಗಳ ತುಂಬ ಮಾತು ಬರೆದಿಟ್ಟಿದ್ದೇವೆ. ಬರೆದವನು ನಾನೇ. ಹೊಸದಾಗಿ ಸೇರಿದವರು ಅದನ್ನು ಬಾಯಿಪಾಠ ಮಾಡಿ ಹಿರೇಕೆರೂರಿನವರೆಗೂ ಫೋನ್ ಹಚ್ಚುತ್ತಾರೆ.

ಬಂಕಾಪುರದ ರಿಜ್ವಾನಾ ಈ ಹಾಳೆಗಳನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದಳು. ಎರಡು ವರ್ಷ ನಿಂತಿದ್ದಳು. ನಮ್ಮಲ್ಲಿ ಅದು ಪಿಂಚಣಿಯ ವಯಸ್ಸು. ಹತ್ತಿಮತ್ತೂರಿನ ರೇಣುಕಾ ಎಂಬ ಹುಡುಗಿಯನ್ನು ಆಕೆ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಸೇರಿಸಿದಳು, 'ಬಸ್ ಮನಿ ಮುಂದನ ಬರತೈತಿ' ಎಂಬ ಒಂದನೇ ಹಾಳೆಯ ಮಾತು ಹೇಳಿ. ಬಸ್ಸು ನಿಲ್ಲುತ್ತಿದ್ದುದು ಊರಿನಿಂದ ಬಹಳ ಆಚೆಯ ಕ್ರಾಸಿನಲ್ಲಿ. ಹನ್ನೆರಡು ದಿನ ಸಂಜೆಗತ್ತಲಲ್ಲಿ ಒಬ್ಬಳೇ ನಡೆದು ಮನೆ ಸೇರಿದ ರೇಣುಕಾ, ಹದಿಮೂರನೆಯ ದಿನ ಕೆಲಸಕ್ಕೆ ಹೋಗದೆ ಫೋನ್ ಮಾಡಿ, 'ಅಕ್ಕಾ, ನೀವ ಹೇಳಿದ್ರಲ್ರಿ' ಎಂದಷ್ಟೇ ಹೇಳಿದಳಂತೆ. ಮರುದಿನ ರಿಜ್ವಾನಾ ರಾಜೀನಾಮೆ ಬರೆದು ತಂದಳು.

'ಆಕಿ ಹ್ವಾದ್ರ ಆಫೀಸಿಗೆ ಕೀಲಿ ಹಾಕಬೇಕಾಕ್ಕೈತಿ. ಹೆಂಗರ ಮಾಡಿ ತಡೀರಿ' ಎಂದು ಮಾಲೀಕರು ನನಗೆ ಒಪ್ಪಿಸಿದರು. ಆಕೆ ಹೋಗುವುದು ನನಗೂ ಬೇಡವಾಗಿತ್ತು, ನಿಜವಾಗಿಯೂ. ಆ ಕೋಣೆಯಲ್ಲಿ ಮನಸಾರೆ ನಗುತ್ತಿದ್ದವಳು ಆಕೆಯೊಬ್ಬಳೇ. ಎದುರಿಗೆ ಕೂರಿಸಿಕೊಂಡು ಶುರುಮಾಡಿದೆ.

'ನೋಡವಾ, ಎಲ್ಲಾ ಕಡೆ ಇಂಥಾವು ಇರೂವ. ಇನ್ನೊಂದು ತಿಂಗಳು ನೋಡು...'

'ಸರ್, ಇದು ಮೂರನೇ ಹಾಳ್ಯಾಗಿಂದು. ಮುಂದಿನ ಸಾಲು ನಾನ ಹೇಳ್ಲೇನ್ರಿ?'

ಒಂಬತ್ತು ವರ್ಷದ ಅನುಭವ ಅರ್ಧ ನಿಮಿಷದಲ್ಲಿ ಮುಗಿದುಹೋಯಿತು.

'ಒಂದ ಕೆಲಸ ಮಾಡ್ರಿ,' ಎಂದಳು. 'ಈಗ ನನ್ನೆದುರಿಗೇ ರೇಣುಕಾಗ ಫೋನ್ ಮಾಡಿ ಬಸ್ಸಿಂದು ಖರೇ ಹೇಳ್ರಿ. ನಾ ರಾಜೀನಾಮೆ ಹರದು ಒಗೀತೇನಿ.'

ಇಷ್ಟು ಅಗ್ಗದಲ್ಲಿ ಯಾರಾದರೂ ಉಳಿಯುತ್ತಾರೆಯೆ! ಖುಷಿಯಿಂದ ಫೋನ್ ಹಚ್ಚಿದೆ. ಕ್ಷೇಮ ಸಮಾಚಾರ ಕೇಳಿದೆ. ಬಸ್ಸಿನ ವಿಷಯ ಬಂತು. ಬಾಯಿ ತೆರೆದೆ. ಹೊರಬಿದ್ದದ್ದು ಇದು: 'ಮುಂದಿನ ವಾರದಿಂದ ಬಸ್ ನಿಮ್ಮ ಮನಿತನಕ ಬರತೈತಿ ತಂಗಿ, ನಾ ಮಾತಾಡೇನಿ.'

ಯಾರ ಜೊತೆಗೂ ಮಾತಾಡಿರಲಿಲ್ಲ. ನಾಲಿಗೆಗೆ ಅಷ್ಟು ರೂಢಿಯಾಗಿತ್ತು. 'ಹಂಗಾರ ಸೋಮವಾರ ಕೆಲಸಕ್ಕ ಬರ್ತೇನ್ರಿ ಸರ್' ಎಂದಳು ರೇಣುಕಾ. ಹೇಳಲು ನಾಚಿಕೆಯಾಗುತ್ತದೆ, ಫೋನ್ ಇಟ್ಟಾಗ ನನಗೆ ಮೊದಲು ಅನಿಸಿದ್ದು ಗೆದ್ದೆ ಎಂದು.

ರಿಜ್ವಾನಾ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಬೈಯಲಿಲ್ಲ. 'ಬರ್ತೇನ್ರಿ ಸರ್' ಎಂದು ಮೆಟ್ಟಿಲಿಳಿದು ಹೋದಳು.

ನೌಕರರು ಏಕೆ ಬಿಡುತ್ತಾರೆ ಎಂದು ಕಂಪನಿಗಳಿಗೆ ನಾನು ಉದ್ದುದ್ದ ವರದಿ ಬರೆದುಕೊಟ್ಟಿದ್ದೇನೆ. ಸಂಬಳ ಸಾಲದು, ಊರು ದೂರ, ಈಗಿನವರಿಗೆ ತಾಳ್ಮೆ ಇಲ್ಲ, ಇತ್ಯಾದಿ. ನನ್ನ ಹೆಸರನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ. ಆಕೆಯ ಖಾಲಿ ಕುರ್ಚಿ ನೋಡುತ್ತ ಕೂತೆ. ಮತ್ತೆ ಹತ್ತಿಮತ್ತೂರಿಗೆ ಫೋನ್ ಹಚ್ಚಿದೆ.

'ರೇಣುಕಾ, ನಾ ಆಗಳೆ ಸುಳ್ಳು ಹೇಳಿದೆ. ಬಸ್ ಕ್ರಾಸಿಗೇ ನಿಲ್ಲತೈತಿ, ಮನಿತನಕ ಬರೂದಿಲ್ಲ. ವಿಚಾರ ಮಾಡಿ ಬಾ.'

ಹುಡುಗಿ ಮೆಲ್ಲಗೆ, ಕಾಳಜಿಯಿಂದಲೇ ಕೇಳಿದಳು:

'ಯಾಕ್ರಿ ಸರ್, ಖರೇ ಹೇಳಾಕತ್ತೀರಿ, ನೀವೂ ನೌಕ್ರಿ ಬಿಡಾಕತ್ತೀರೇನ್ರಿ?'