ಸುಣ್ಣದ ಗೆರೆ

ಅರವತ್ತರ ದಶಕದ ಕೊನೆಗೆ ನಾಸಿಕದಲ್ಲಿ ಒಂದೇ ಅಂಗಳದ ಸುತ್ತ ಹಲವು ಸಂಸಾರಗಳಿದ್ದ ನಮ್ಮ ವಾಡೆಗೆ ಔರಂಗಾಬಾದಿನಿಂದ ವರ್ಗವಾಗಿ ಬಂದವರು ಒಬ್ಬ ಭೌತಶಾಸ್ತ್ರದ ಮೇಷ್ಟ್ರು. ಊರು ಗುಲಬರ್ಗಾ ಕಡೆ. ಬೆಂಕಿ ಮುಟ್ಟದೆ, ದೂರದಿಂದಲೇ ಮನುಷ್ಯನ ಚರ್ಮವನ್ನು ಹೇಗೆ ಸುಡುತ್ತದೆ ಎಂಬುದೇ ಅವರ ಲೆಕ್ಕ. ನೀರು ತುಂಬಿದ ಡಬ್ಬಿಗೆ ಆಡಿನ ತೊಗಲು ಸುತ್ತಿ, ನಡುವೆ ಥರ್ಮಾಮೀಟರ್ ತೂರಿಸಿ, ಅದನ್ನೇ ಮನುಷ್ಯನೆಂದುಕೊಂಡು ಅಂಗಳದ ಒಲೆಯೆದುರು ಕೂರಿಸುತ್ತಿದ್ದರು.

"ಅವಂಗೂ ಚಾ ಮಾಡ್ಲೇನ್ರಿ?" ಎಂದು ಅವರ ಹೆಂಡತಿ ನಗುತ್ತಿದ್ದರು.

ಡಬ್ಬಿಯನ್ನು ಎಷ್ಟು ನಂಬಿದರೂ ಕೊನೆಗೆ ಮೇಷ್ಟ್ರು ಕೇಳುತ್ತಿದ್ದುದು ತಮ್ಮ ಕೈಯನ್ನೇ. ಹೋಳಿಯ ಸಂಜೆ ಬೀದಿಯಲ್ಲಿ ಬೆಂಕಿ ಏರಿದಾಗ ಅಂಗೈ ಚಾಚಿಕೊಂಡು ಒಂದೊಂದೇ ಹೆಜ್ಜೆ ಹಿಂದೆ ಸರಿದು, ಝಳ ಸುಡದ ಕಡೆ ನಿಲ್ಲುವರು. "ಇಲ್ಲಿತನಕ ಬರ್ತದ ನೋಡ್ರಿ" ಎಂದು ಅಲ್ಲೇ ಸುಣ್ಣದ ಗೆರೆ ಎಳೆದು ಎಲ್ಲರನ್ನೂ ಅದರಾಚೆ ಅಟ್ಟುವರು. ಗೆರೆ ದಾಟುತ್ತಿದ್ದವರು ಅವರ ಹೆಂಡತಿ ಒಬ್ಬರೇ, ಕೈಯಲ್ಲಿ ಹೋಳಿಗೆಯ ತಟ್ಟೆ ಹಿಡಿದು.

"ದೇವರ ನೈವೇದ್ಯ ದೂರಿಂದ ಒಗೀತಾರೇನ್ರಿ?"

ಮೇಷ್ಟ್ರು ಗೆರೆಯ ಮೇಲೆ ನಿಂತು, ಆಕೆ ತಿರುಗಿ ಬರುವವರೆಗೆ ಸೆರಗಿನ ತುದಿ ಹಿಡಿದಿರುತ್ತಿದ್ದರು.

ಒಂದು ಮಳೆಗಾಲದ ಕೊನೆಗೆ ಆಕೆ ಜ್ವರದಲ್ಲಿ ತೀರಿಕೊಂಡರು. ಗೋದಾವರಿಯ ದಂಡೆಯಲ್ಲಿ ಚಿತೆ ಧಗಧಗಿಸಿದಾಗ ನಾವೆಲ್ಲ ಮುಖ ಹೊರಳಿಸಿ ಹಿಂದೆ ಸರಿದೆವು. ಮೇಷ್ಟ್ರು ಅಂಗೈ ಚಾಚಿಕೊಂಡೇ ನಿಧಾನಕ್ಕೆ ಹಿಂದೆ ಬಂದು ನನ್ನ ಪಕ್ಕ ನಿಂತರು.

"ಇಲ್ಲಿತನಕ ಬರ್ತದ ನೋಡ್ರಿ."

ಕೈ ಇಳಿಸಲಿಲ್ಲ. ಬೆಂಕಿ ಕುಸಿಯುತ್ತ ಬಂತು. ಅದು ಕುಸಿದಂತೆಲ್ಲ ಅವರು ಆ ಅಂಗೈಯನ್ನು ಹಾಗೇ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಮುಂದಕ್ಕೆ ಹೋಗತೊಡಗಿದರು.